ಬಂಧಿಸಿದರೆ ಎಂಬಸಿಗೆ ಸುದ್ದಿ ಹೋಗುತ್ತದೆ, ಏಟು ಬಿದ್ದರೆ?

ಸೌದಿಯಲ್ಲಿ ಮನೆಗೆಲಸಕ್ಕೆ ಹೋದ ಹೆಂಗಸಿಗೆ ಮಾಲೀಕ ಹೊಡೆಯುತ್ತಾನೆ ಅಂದುಕೊಳ್ಳಿ. ಪಾಸ್‌ಪೋರ್ಟ್ ಅವನ ಬೀರುವಿನಲ್ಲಿದೆ. ಊರಿನವರು ಫೋನಿನಲ್ಲಿ "ಎಂಬಸಿಗೆ ಹೋಗು" ಅನ್ನುತ್ತಾರೆ. ಅವಳು ಹೋದರೆ ಎಂಬಸಿ ಏನು ಮಾಡಬಹುದು, ಏನು ಮಾಡುವಂತಿಲ್ಲ? ಇದು ಹೇಳುವವರಿಗೂ ಗೊತ್ತಿರುವುದಿಲ್ಲ, ಕೇಳುವವರಿಗೂ ಗೊತ್ತಿರುವುದಿಲ್ಲ.

ಗಂಟು ಬಿದ್ದಿರುವುದು 1963ರ ವಿಯೆನ್ನಾ ಒಪ್ಪಂದದಲ್ಲಿ. ಕಾನ್ಸುಲೇಟ್‌ಗಳ, ಅಂದರೆ ಪರದೇಶದಲ್ಲಿ ತನ್ನ ಪ್ರಜೆಗಳ ಕೆಲಸ ನೋಡುವ ಸರ್ಕಾರಿ ಕಚೇರಿಗಳ (ಎಂಬಸಿಯ ಒಳಗೂ ಇರಬಹುದು), ಕೆಲಸ ಏನೆಂದು ಹೇಳುವ ಈ ಒಪ್ಪಂದಕ್ಕೆ ಭಾರತ 1977ರಲ್ಲಿ ಸೇರಿತು. ಪರದೇಶದಲ್ಲಿ ನಿಮ್ಮನ್ನು ಬಂಧಿಸಿದರೆ, ನೀವು ಕೇಳಿಕೊಂಡರೆ, ಅಲ್ಲಿನ ಪೊಲೀಸರು ತಡಮಾಡದೆ ನಿಮ್ಮ ಕಾನ್ಸುಲೇಟ್‌ಗೆ ಹೇಳಬೇಕು. ಇದು 36ನೇ ಕಲಂ. ಸತ್ತರೂ ತಿಳಿಸಬೇಕು, ಅದು 37ನೇ ಕಲಂ. ಆದರೆ ಯಾರೋ ಇರಿದು, ನೀವು ಆಸ್ಪತ್ರೆಯಲ್ಲಿ ಜೀವಂತ ಮಲಗಿದ್ದರೆ? ಅದಕ್ಕೆ ಇಂಥ ಕಲಂ ಇಲ್ಲ. ಆರೋಪಿಗೆ ಒಂದು ದಾರಿ ಇದೆ, ಸತ್ತವನಿಗೂ ಇದೆ, ನಡುವೆ ಇರುವವನಿಗೆ ಇಲ್ಲ. ವಿಚಿತ್ರ ಅಲ್ವಾ?

'ಪ್ರಜೆಗಳಿಗೆ ನೆರವು' ಅನ್ನುವ ಮಾತು 5ನೇ ಕಲಂನಲ್ಲಿ ಇದೆ, ಇಲ್ಲ ಅಂತಲ್ಲ. ಎಷ್ಟು ನೆರವು, ಯಾವಾಗ ಅನ್ನುವುದು ಆಯಾ ಸರ್ಕಾರಕ್ಕೆ ಬಿಟ್ಟದ್ದು. ಅದರ ಮೇಲೆ 55ನೇ ಕಲಂ: ಆ ದೇಶದ ಒಳಗಿನ ವಿಷಯಕ್ಕೆ ಕೈಹಾಕುವಂತಿಲ್ಲ. ಹಾಗಾಗಿ ನಮ್ಮ ಅಧಿಕಾರಿಗಳು ಅಲ್ಲಿ ತನಿಖೆ ಮಾಡುವಂತಿಲ್ಲ. ವಿಚಾರಿಸಬಹುದು, ಪತ್ರ ಬರೆಯಬಹುದು, ವಕೀಲರನ್ನು ತೋರಿಸಬಹುದು.

ನಮ್ಮ ವಲಸೆ ಕಾಯ್ದೆಗಳು, 1922ರದ್ದು ಮತ್ತೆ 1983ರದ್ದು, ಹೋಗುವವರ ಕಾಗದಪತ್ರ ನೋಡಿದಷ್ಟು ಹೋದ ಮೇಲಿನ ಕಷ್ಟವನ್ನು ನೋಡಲಿಲ್ಲ. 2004ರಲ್ಲಿ ಅನಿವಾಸಿಗಳಿಗೆ ಅಂತಲೇ ಒಂದು ಸಚಿವಾಲಯ ಬಂತು. 2016ರಲ್ಲಿ ಅದು ವಿದೇಶಾಂಗ ಸಚಿವಾಲಯದೊಳಗೆ ಸೇರಿಹೋಯಿತು.

ನಡುವೆ 2009 ಬಂತು. ಆ ವರ್ಷ ಮೆಲ್ಬರ್ನ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಒಂದರ ಹಿಂದೆ ಒಂದು ದಾಳಿ ನಡೆದವು. ವಿದ್ಯಾರ್ಥಿಗಳು ರಸ್ತೆಗಿಳಿದರು. ಇಲ್ಲಿ ಅದನ್ನು ಜನಾಂಗ ದ್ವೇಷ ಎಂದರು, ಅಲ್ಲಿನ ಪೊಲೀಸರು ಬಹುಪಾಲು ಸುಲಿಗೆ ಎಂದರು. ಅದೇ ವರ್ಷ ಭಾರತೀಯ ಸಮುದಾಯ ಕಲ್ಯಾಣ ನಿಧಿ ಶುರುವಾಯಿತು. ಆದರೆ ನಿಧಿ ಮೊದಲಿಗೆ ಬಂದದ್ದು ಮುಖ್ಯವಾಗಿ ಕಾರ್ಮಿಕರು ವಲಸೆ ಅನುಮತಿ ಪಡೆದು ಹೋಗುವ ದೇಶಗಳಿಗೆ, ಅಂದರೆ ಹೆಚ್ಚಾಗಿ ಗಲ್ಫ್‌ಗೆ. ಆಸ್ಟ್ರೇಲಿಯಾ ಆ ಪಟ್ಟಿಯಲ್ಲಿ ಇರಲಿಲ್ಲ. ಆಮೇಲೆ ಎಲ್ಲ ರಾಯಭಾರ ಕಚೇರಿಗಳಿಗೂ ವಿಸ್ತರಿಸಿದರು, 2017ರಲ್ಲಿ ನಿಯಮಗಳನ್ನು ಸಡಿಲಿಸಿದರು.

ಈ ನಿಧಿ ನಿಜಕ್ಕೂ ಕೆಲಸಕ್ಕೆ ಬಂದಿದೆ. ಉಳಿದುಕೊಳ್ಳಲು ಜಾಗ, ಊಟ, ತುರ್ತು ಚಿಕಿತ್ಸೆ, ಮೊದಲ ಹಂತದ ವಕೀಲರ ಖರ್ಚು, ವಾಪಸ್ ಟಿಕೆಟ್, ಶವ ತರಿಸುವ ವೆಚ್ಚ, ಎಲ್ಲವೂ ಇದರಿಂದ ಸಿಗಬಹುದು. ದುಡ್ಡು ಬರುವುದು ಎಲ್ಲಿಂದ? ಬಹುಪಾಲು ವಿದೇಶದಲ್ಲಿರುವವರು ಪಾಸ್‌ಪೋರ್ಟ್ ನವೀಕರಣ, ದೃಢೀಕರಣಕ್ಕೆ ಹೋದಾಗ ಕಟ್ಟುವ ಸಣ್ಣ ಶುಲ್ಕದಿಂದ. ಅಂದರೆ ಕೂಲಿಯವನ ಕಷ್ಟಕ್ಕೆ ಕೂಲಿಯವನದೇ ಚಿಲ್ಲರೆ. ಅದೂ 'ಅರ್ಹ' ಅನ್ನಿಸಿದವರಿಗೆ, ಅವರ ಹಣಕಾಸಿನ ಸ್ಥಿತಿ ನೋಡಿ. 'ಸಿಗಬಹುದು' ಎಂದು ಬರೆದೆನಲ್ಲ, ಸುಮ್ನೆ ಬರೆದದ್ದಲ್ಲ. ಫಿಲಿಪೀನ್ಸ್ ತನ್ನ ಕೆಲಸಗಾರರ ಕಾನೂನು ನೆರವಿನ ನಿಧಿಯನ್ನು 1995ರಲ್ಲೇ ಕಾಯ್ದೆಯೊಳಗೆ ಬರೆದುಕೊಂಡಿತು. ನಮ್ಮದು ಇನ್ನೂ ಮಾರ್ಗಸೂಚಿಯ ಮೇಲೆ ನಡೆಯುತ್ತಿದೆ.

2015ರಲ್ಲಿ ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್ ಬಂತು, ಪರದೇಶದಲ್ಲಿರುವವರ ದೂರು ದಾಖಲಿಸುವ ಜಾಲತಾಣ. ದೂರಿಗೆ ಒಂದು ನಂಬರ್ ಸಿಕ್ಕಿತು, ಎಲ್ಲಿಗೆ ಬಂತು ಎಂದು ಊರಿನಿಂದಲೇ ನೋಡಬಹುದಾಯಿತು. ಬರೇ ಅಷ್ಟಕ್ಕೇ ಎಷ್ಟೋ ಮನೆಯವರಿಗೆ ಧೈರ್ಯ ಬಂತು.

ಈಗ ಮತ್ತೆ ಸೌದಿಯ ಆ ಹೆಂಗಸಿನ ಕಡೆ ಬನ್ನಿ. ಅವಳು ಮನೆ ಬಿಟ್ಟು ಓಡಿದ ಕೂಡಲೇ ಮಾಲೀಕ 'ಹುರೂಬ್' ದೂರು ಕೊಡಬಹುದು, ಅಂದರೆ ತಲೆಮರೆಸಿಕೊಂಡಿದ್ದಾಳೆ ಎಂದು. ಹೊಡೆತ ತಿಂದವಳೇ ಈಗ ಅಕ್ರಮ ವಾಸಿ. ಪೊಲೀಸರು ಹಿಡಿದರೆ 36ನೇ ಕಲಂ ಅವಳಿಗೂ ಅನ್ವಯಿಸುತ್ತದೆ! ಕಲ್ಯಾಣ ನಿಧಿಯಿಂದ ಸಣ್ಣಪುಟ್ಟ ದಂಡ ಕಟ್ಟುವುದಕ್ಕೂ ಅವಕಾಶ ಇಟ್ಟಿದ್ದಾರೆ. ಯಾಕೆ ಎಂದು ಈಗ ಗೊತ್ತಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಏಟು ತಿಂದವರಿಗೂ ಆರೋಪಿಗೂ ನಡುವಿನ ಗೆರೆ ಇನ್ನಷ್ಟು ಮಸುಕಾಗಿದೆ. ಸೆಕ್ಯೂರಿಟಿ ಕೆಲಸ ಎಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿ ಕಡೆಯ ಹುಡುಗರು ಯುದ್ಧಭೂಮಿಗೆ ಹೋಗಿ ನಿಂತಿದ್ದರು. ಅವರು ಊರಿಗೆ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ, ಪ್ರಧಾನಿ ಮಟ್ಟದಲ್ಲಿ ಮಾತಾದ ಮೇಲೆ. ಡೇಟಾ ಎಂಟ್ರಿ ಕೆಲಸ ಎಂದು ಹೋದವರು ಮ್ಯಾನ್ಮಾರ್‌ನ ಮ್ಯಾವಡಿಯಲ್ಲಿ ಬೇಲಿಯೊಳಗೆ ಕೂತು ಆನ್‌ಲೈನ್ ವಂಚನೆ ಮಾಡಬೇಕಾಯಿತು. ಒಪ್ಪದಿದ್ದರೆ ಹೊಡೆತ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ಎರಡು ದಿನದಲ್ಲಿ ಇಂಥ 549 ಜನರನ್ನು ಪಕ್ಕದ ಥಾಯ್ಲೆಂಡ್‌ನಿಂದ ಕರೆತಂದವು. ಇವರು ಮೋಸ ಹೋದವರೋ, ಮೋಸ ಮಾಡಿದವರೋ? ಎರಡೂ ಆಗಿದ್ದವರು ಇದ್ದರು. ಹಾಗಾಗಿ ಇಳಿದವರಿಗೆ ಮನೆಗಿಂತ ಮೊದಲು ವಿಚಾರಣೆ. ಹೊಡೆದವನು ಗಡಿಯಾಚೆ ಇದ್ದಾನೆ, ಅವನನ್ನು ಇಲ್ಲಿನ ಠಾಣೆಗೆ ಎಳೆದು ತರುವುದು ಕಷ್ಟ. ಕೈಗೆ ಸಿಗುವುದು ಟಿಕೆಟ್ ಕೊಡಿಸಿದ ಏಜೆಂಟ್ ಮಾತ್ರ, ಅವನ ವಾಟ್ಸಾಪ್ ನಂಬರ್ ಇನ್ನೂ ಚಾಲ್ತಿಯಲ್ಲಿದ್ದರೆ.