ಪದ ಪರಿಚಯ: ಲ್ಯಾಗ್

ಬೆಳಗಾವಿಯಾಗಲಿ ಬಾಗಲಕೋಟೆಯಾಗಲಿ, ಟಾಕೀಜಿನಿಂದ ಹೊರಬಿದ್ದವರನ್ನು ‘ಪಿಚ್ಚರ್ ಹೆಂಗೈತಿ?’ ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚಾಗಿ ಇದು: ‘ಛಲೋ ಐತಿ ಖರೆ, ಸೆಕೆಂಡ್ ಹಾಫ್ ಭಾಳ ಲ್ಯಾಗ್ ಆತು.’ ಇದೇ ಮಾತನ್ನು ಸ್ವಲ್ಪ ವಯಸ್ಸಾದವರು ‘ಭಾಳ ಜಗ್ಯಾರ’ ಅನ್ನುತ್ತಾರೆ. ಮರಾಠಿ ಮಂದಿಯ ಬಾಯಲ್ಲಿ ಅದು ‘ರೇಂಗಾಳ್ತೋ’. ಮೂರೂ ಒಂದೇ ಅನಿಸಿದರೂ ನಡುವೆ ಸಣ್ಣ ವ್ಯತ್ಯಾಸವಿದೆ. ‘ಜಗ್ಯಾರ’ ಅಂದಾಗ ಜಗ್ಗಿದವರು ಯಾರೋ ಇದ್ದಾರೆ, ಡೈರೆಕ್ಟರೋ ಎಡಿಟರೋ. ‘ಲ್ಯಾಗ್ ಆತು’ ಅಂದಾಗ ಯಾರೂ ಇಲ್ಲ. ಮಳೆ ಬಂದಂತೆ ತಾನಾಗಿ ಆಯಿತು. ಎಲ್ಲಿ ಆಯಿತು, ಯಾಕೆ ಆಯಿತು ಎಂದು ಹೇಳುವ ಹೊಣೆಯೂ ಅಲ್ಲಿಗೆ ಮುಗಿಯಿತು. ವರ್ಲ್ಡ್ ಸಿನಿಮಾದ, ಅಂದರೆ ಬೇರೆ ಬೇರೆ ದೇಶಗಳ ಕಲಾತ್ಮಕ ಚಿತ್ರಗಳ ಹುಚ್ಚು ಹಿಡಿದವರಿಗೂ ಉಳಿದ ನೋಡುಗರಿಗೂ ನಡೆಯುವ ಜಗಳದಲ್ಲಿ ಅರ್ಧ ಈ ಒಂದು ಪದದ್ದೇ.

ಲ್ಯಾಗ್ ಎಂದರೆ ಹಿಂದೆ ಬೀಳುವುದು. ಈಗಿನ ಹುಡುಗರಿಗೆ ಇದು ಮೊಬೈಲ್ ಗೇಮಿನಿಂದಲೇ ಚೆನ್ನಾಗಿ ಗೊತ್ತು. ಬಟನ್ ಒತ್ತಿದ ಅರ್ಧ ಸೆಕೆಂಡು ಬಿಟ್ಟು ಪರದೆಯ ಮೇಲಿನ ಆಳು ಗುಂಡು ಹಾರಿಸಿದರೆ ಅದು ಲ್ಯಾಗ್. ಅಲ್ಲಿ ಆಟ ನಿಧಾನವಾಗಿಲ್ಲ, ಆಡುವವನಿಗಿಂತ ಹಿಂದೆ ಬಿದ್ದಿದೆ. ಸಿನಿಮಾಕ್ಕೂ ಇದೇ ಅರ್ಥ ಇಟ್ಟುಕೊಂಡರೆ ಪದ ಕೆಲಸಕ್ಕೆ ಬರುತ್ತದೆ. ನೋಡುಗನಿಗೆ ಆಗಲೇ ತಿಳಿದುಹೋದದ್ದನ್ನು ಸಿನಿಮಾ ಇನ್ನೂ ಹೇಳುತ್ತ ಕೂತಿದ್ದರೆ ಲ್ಯಾಗ್: ನೋಡುಗ ಮುಂದೆ, ಸಿನಿಮಾ ಹಿಂದೆ. ನೋಡುಗನಿಗೆ ಇನ್ನೂ ತಿಳಿಯದ್ದು ಏನೋ ಪರದೆಯ ಮೇಲೆ ಆಗುತ್ತಿದ್ದು, ಅದು ಬಿಚ್ಚಿಕೊಳ್ಳಲು ಹೊತ್ತು ಹಿಡಿಯುತ್ತಿದ್ದರೆ ಅದು ನಿಧಾನ, ಅಷ್ಟೇ. ಮೊದಲನೆಯದು ದೋಷ. ಎರಡನೆಯದು ಲಯ.

ಲಯದ ಮಾತು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿಂದುಸ್ತಾನಿ ಸಂಗೀತದ ಕಿರಾನಾ ಘರಾಣೆಯ ಗಾಯಕರು ವಿಲಂಬಿತ, ಅಂದರೆ ನಿಧಾನ ಲಯದ ಏಕತಾಲ ಹಿಡಿದರೆ ಹನ್ನೆರಡು ಮಾತ್ರೆಯ ಒಂದು ಸುತ್ತು ಮುಗಿಯಲು ಮುಕ್ಕಾಲು ನಿಮಿಷಕ್ಕೂ ಹೆಚ್ಚು ಬೇಕಾಗಬಹುದು. ಕೇಳುವವರು ಎದ್ದು ಹೋಗುವುದಿಲ್ಲ. ಸಮ್, ಅಂದರೆ ತಾಳದ ಸುತ್ತಿನ ಮೊದಲ ಮಾತ್ರೆ, ಯಾವಾಗ ಬರುತ್ತದೆ, ಹೇಗೆ ಬಂದು ಕೂರುತ್ತದೆ ಎಂದು ಕಾಯುತ್ತಾರೆ. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಗಾಯಕ ಕುಮಾರ ಗಂಧರ್ವರು ಅಷ್ಟು ನಿಧಾನಕ್ಕೆ ಹೋಗದೆ ಮಧ್ಯಲಯದ ಕಡೆ ವಾಲಿದರು. ಯಾರದೂ ತಪ್ಪಲ್ಲ. ಲ್ಯಾಗ್ ಹುಟ್ಟುವುದು ಇನ್ನೊಂದು ಕಡೆ: ಗಾಯಕ ಮೊದಲ ಹತ್ತು ನಿಮಿಷದಲ್ಲಿ ತೆಗೆದ ಆಲಾಪವನ್ನೇ ಮುಂದಿನ ಹತ್ತು ನಿಮಿಷವೂ ತಿರುಗಿಸುತ್ತ ಕೂತಾಗ. ಅದು ದ್ರುತ್‌ನಲ್ಲೂ, ಅಂದರೆ ವೇಗದ ಲಯದಲ್ಲೂ ಆಗಬಹುದು.

ಮೂರು ಸಂಗತಿಗಳನ್ನು ಜನ ಒಂದೇ ಚೀಲಕ್ಕೆ ತುಂಬುತ್ತಾರೆ: ಸಿನಿಮಾದ ಒಟ್ಟು ಉದ್ದ, ಒಂದೊಂದು ಶಾಟಿನ ಉದ್ದ, ಮತ್ತು ಲ್ಯಾಗ್. ಮೊದಲ ಎರಡನ್ನು ಗಡಿಯಾರ ಹಿಡಿದು ಅಳೆಯಬಹುದು. ಶಾಟ್ ಎಂದರೆ ಎರಡು ಕಟ್‌ಗಳ ನಡುವಿನ ತುಂಡು. ಸಿನಿಮಾದ ನಡುಭಾಗದಲ್ಲಿ ಐದು ನಿಮಿಷ ಆರಿಸಿಕೊಳ್ಳಿ, ಪ್ರತಿ ಕಟ್‌ಗೆ ಕಾಗದದ ಮೇಲೆ ಒಂದು ಗೆರೆ ಹಾಕಿ, 300 ಸೆಕೆಂಡನ್ನು ಗೆರೆಗಳ ಸಂಖ್ಯೆಯಿಂದ ಭಾಗಿಸಿ. 60 ಗೆರೆ ಬಿದ್ದರೆ ಸರಾಸರಿ ಶಾಟ್ 5 ಸೆಕೆಂಡು. ಬರೀ ಫೈಟ್ ಆರಿಸಿಕೊಂಡರೆ ಲೆಕ್ಕ ಒಂದು ಕಡೆ ವಾಲುತ್ತದೆ, ಬರೀ ಮಾತುಕತೆ ಆರಿಸಿಕೊಂಡರೆ ಇನ್ನೊಂದು ಕಡೆ. ಆದ್ದರಿಂದ ಬೇರೆ ಬೇರೆ ಮೂರು ಜಾಗದಲ್ಲಿ ಎಣಿಸುವುದು ಒಳ್ಳೆಯದು. ಅಮೆರಿಕದ ಸಿನಿಮಾ ವಿದ್ವಾಂಸ ಡೇವಿಡ್ ಬೋರ್ಡ್‌ವೆಲ್ ಲೆಕ್ಕ ಹಾಕಿದಂತೆ 1930ರಿಂದ 1960ರವರೆಗಿನ ಹಾಲಿವುಡ್ ಚಿತ್ರಗಳ ಸರಾಸರಿ ಶಾಟ್ 8ರಿಂದ 11 ಸೆಕೆಂಡು. 1990ರ ದಶಕ ಮುಗಿಯುವ ಹೊತ್ತಿಗೆ ಅದು 3ರಿಂದ 6ಕ್ಕೆ ಇಳಿದಿತ್ತು. ಈ ಕಡೆ ಹಂಗೇರಿಯ ನಿರ್ದೇಶಕ ಬೇಲಾ ತಾರ್ 2011ರಲ್ಲಿ ಮಾಡಿದ ‘ದ ಟ್ಯುರಿನ್ ಹಾರ್ಸ್’ 146 ನಿಮಿಷದ್ದು, ಒಟ್ಟು ಶಾಟ್ ಬರೀ 30. ಒಂದಕ್ಕೆ ಹತ್ತಿರ ಹತ್ತಿರ ಐದು ನಿಮಿಷ. ಮೂರು ಸೆಕೆಂಡಿಗೊಮ್ಮೆ ಕಟ್ ಬೀಳುವ ರೂಢಿಗೆ ಒಗ್ಗಿದ ಕಣ್ಣು ಇದರ ಮುಂದೆ ಕೂತರೆ ಮೊದಲ ಕಾಲುಗಂಟೆ ಚಡಪಡಿಸುವುದು ಸಹಜ. ಆ ಚಡಪಡಿಕೆಗೆ ಲ್ಯಾಗ್ ಎಂದು ಹೆಸರಿಟ್ಟರೆ ಮಾತ್ರ ತಪ್ಪಾಗುತ್ತದೆ.

ಹತ್ತಿರದಿಂದ ನೋಡಬೇಕೆಂದರೆ ಬೆಲ್ಜಿಯಂನ ನಿರ್ದೇಶಕಿ ಶಾಂತಾಲ್ ಆಕರ್ಮನ್ 1975ರಲ್ಲಿ ಮಾಡಿದ ‘ಜ್ಯಾನ್ ಡೀಲ್ಮನ್’ ತೆಗೆದುಕೊಳ್ಳಿ. 201 ನಿಮಿಷ. ಬ್ರಸೆಲ್ಸ್ ಊರಿನ ವಿಧವೆಯೊಬ್ಬಳ ಮೂರು ದಿನ. ಅವಳು ಹಾಸಿಗೆ ಸರಿಮಾಡುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಮಧ್ಯಾಹ್ನ ಒಬ್ಬ ಗಿರಾಕಿ ಬಂದು ಹೋಗುತ್ತಾನೆ, ಮಗನಿಗೆ ಊಟ ಬಡಿಸುತ್ತಾಳೆ. ಕ್ಯಾಮೆರಾ ಅಲ್ಲಾಡುವುದಿಲ್ಲ. ಮೊದಲ ದಿನ ಎಲ್ಲ ಕೆಲಸ ಗಡಿಯಾರದ ಮುಳ್ಳಿನಂತೆ ನಡೆಯುತ್ತದೆ: ಕೋಣೆಗೆ ಹೋದಾಗ ದೀಪ ಹಾಕುವುದು, ಹೊರಬಂದಾಗ ಆರಿಸುವುದು, ಮುಚ್ಚಳ ತೆಗೆದದ್ದನ್ನು ಮುಚ್ಚುವುದು. ನೋಡುಗ ಅದನ್ನು ಕಲಿತುಕೊಳ್ಳುತ್ತಾನೆ. ಎರಡನೆಯ ದಿನ ಒಲೆಯ ಮೇಲಿಟ್ಟ ಬಟಾಟಿ ಹೆಚ್ಚು ಬೆಂದುಹೋಗುತ್ತವೆ. ಪಾತ್ರೆ ಕೈಯಲ್ಲಿ ಹಿಡಿದು ಏನು ಮಾಡಬೇಕೆಂದು ತೋಚದೆ ಅವಳು ಮನೆಯೊಳಗೆ ಓಡಾಡುತ್ತಾಳೆ, ಆಮೇಲೆ ಮತ್ತೆ ಬಟಾಟಿ ಸುಲಿಯಲು ಕೂರುತ್ತಾಳೆ. ಈ ಸಲ ಚಾಕು ಹಿಡಿದ ಕೈಯ ಲಯವೇ ಬೇರೆ. ಒಂದು ಮಾತಿಲ್ಲ, ಸಂಗೀತವಿಲ್ಲ, ಆದರೆ ಈ ಮನೆಯಲ್ಲಿ ಏನೋ ಕೆಟ್ಟಿದೆ ಎಂದು ಗೊತ್ತಾಗಿಬಿಡುತ್ತದೆ. ದಿನಾ ರೊಟ್ಟಿ ಬಡಿಯುವವರ ಪಕ್ಕ ಕೂತು ನೋಡಿದವರಿಗೆ ಇದು ಹೊಸದಲ್ಲ. ಬಡಿತದ ಸಪ್ಪಳ ಬದಲಾದರೆ ಸಾಕು, ಅವ್ವನಿಗೆ ಇವತ್ತು ಸಿಟ್ಟು ಬಂದಿದೆ ಎಂದು ಪಡಸಾಲೆಯಲ್ಲಿ ಕೂತವರಿಗೂ ತಿಳಿಯುತ್ತದೆ. ಆದರೆ ದಿನದ ಸಪ್ಪಳ ಹೇಗಿರುತ್ತದೆ ಎಂದು ಮೊದಲೇ ಕಿವಿಗೆ ಬಿದ್ದಿರಬೇಕು. ಆಕರ್ಮನ್ ಮೊದಲ ದಿನಕ್ಕೆ ಅಷ್ಟು ಹೊತ್ತು ತೆಗೆದುಕೊಂಡದ್ದು ಅದಕ್ಕೇ. ಆ ಭಾಗವನ್ನು ಹತ್ತು ಸೆಕೆಂಡಿನ ಬಟನ್ ಒತ್ತೊತ್ತಿ ಹಾರಿಸಿದವನಿಗೆ ಎರಡನೆಯ ದಿನ ಏನೂ ಕಾಣುವುದಿಲ್ಲ, ನಿಜವಾಗಿಯೂ ಬರೀ ಬಟಾಟಿ ಕಾಣುತ್ತವೆ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯ 2022ರ ವಿಮರ್ಶಕರ ಮತದಾನದಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಈ ಚಿತ್ರವೇ. (ತಾರ್ ಅವರ ಚಿತ್ರದಲ್ಲೂ ತಂದೆ ಮಗಳು ದಿನಾ ತಿನ್ನುವುದು ಬೇಯಿಸಿದ ಬಟಾಟಿಯನ್ನೇ. ನಿಧಾನ ಸಿನಿಮಾಕ್ಕೂ ಬಟಾಟಿಗೂ ಏನೋ ಹಳೆಯ ನಂಟಿರಬೇಕು.)

ಇನ್ನು ಉಲ್ಟಾ ಉದಾಹರಣೆ. ಹೀರೋ ಇಪ್ಪತ್ತು ಜನರನ್ನು ಹೊಡೆದು ಕೆಡವುತ್ತಾನೆ. ಶಾಟ್‌ಗಳು ಒಂದೊಂದೂ ಎರಡೇ ಸೆಕೆಂಡು. ಅವನು ಗಟ್ಟಿ ಮನುಷ್ಯ ಎಂದು ತಿಳಿಯಿತು. ಆಮೇಲೆ ಗೆಳೆಯ ಚಹಾದಂಗಡಿಯಲ್ಲಿ ಕೂತು ಹೀರೋ ಎಷ್ಟು ಗಟ್ಟಿ ಎಂದು ವಿವರಿಸುತ್ತಾನೆ. ಆಮೇಲೆ ಅದೇ ಅರ್ಥದ ಹಾಡು. ಆಮೇಲೆ ವಿಲನ್‌ನ ಬಂಟ ಓಡಿಬಂದು ಅದನ್ನೇ ವಿಲನ್‌ಗೆ ಹೇಳುತ್ತಾನೆ, ಹೇಳುವಾಗ ಹೊಡೆದಾಟದ ತುಣುಕುಗಳು ಮತ್ತೆ ಸ್ಲೋ ಮೋಷನ್‌ನಲ್ಲಿ. ಒಂದೇ ಸುದ್ದಿ, ನಾಲ್ಕು ಸಲ. ಶಾಟಿನ ಸರಾಸರಿ ತೆಗೆದರೆ ಇದು ಬಲು ವೇಗದ ಸಿನಿಮಾ. ನೋಡುಗನ ಲೆಕ್ಕದಲ್ಲಿ ಕಾಲುಗಂಟೆ ಹಿಂದೆ ಬಿದ್ದ ಸಿನಿಮಾ. ಸೆಕೆಂಡ್ ಹಾಫ್ ಲ್ಯಾಗ್ ಎಂದು ಜನ ಹೇಳುವುದರಲ್ಲಿ ಬಹುಪಾಲು ಇದೇ ಇರುತ್ತದೆ, ಮತ್ತು ಅಲ್ಲಿ ಅವರು ಹೇಳುವುದು ನೂರಕ್ಕೆ ನೂರು ಸರಿ. ಕ್ಲೈಮ್ಯಾಕ್ಸ್ ಏನೆಂದು ಇಂಟರ್‌ವಲ್‌ನಲ್ಲೇ ತಿಳಿದುಹೋಗಿ, ಅಲ್ಲಿಗೆ ಮುಟ್ಟಲು ಒಂದು ತಾಸು ಬೇಕಾದರೆ ಬೇರೇನು ಹೇಳಬೇಕು?

ಹಾಗೆಂದು ಕೊನೆ ಗೊತ್ತಿರುವುದೇ ಲ್ಯಾಗ್‌ಗೆ ಕಾರಣ ಎಂದೂ ಅಲ್ಲ. ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿ ಸಂಗ್ಯಾನ ಕೊಲೆಯಾಗುತ್ತದೆ ಎಂದು ಗೊತ್ತಿದ್ದೇ ಜನ ಬೆಳತನಕ ಕೂರುತ್ತಾರೆ. ಪಾತ್ರಧಾರಿ ಹಾಡಿದ ಸಾಲನ್ನು ಹಿಮ್ಮೇಳದವರು ಎತ್ತಿಕೊಂಡು ಮತ್ತೆ ಹಾಡುತ್ತಾರೆ. ಮೈಕಿಲ್ಲದ ಬಯಲಿನಲ್ಲಿ ಹಿಂದೆ ಕೂತವರಿಗೂ ಮುಟ್ಟಲು ಅದು ಬೇಕಾಗಿತ್ತು. ಮರುಹೇಳಿಕೆಗೆ ಕೆಲಸವಿದ್ದರೆ ಅದು ಲ್ಯಾಗ್ ಅಲ್ಲ. ಡಾಲ್ಬಿ ಥಿಯೇಟರಿನಲ್ಲಿ ಆ ಕೆಲಸ ಉಳಿದಿಲ್ಲ.

ಕಟ್ ಮಾಡಿ ಎಂದು ಕೂಗುವುದು ನಮ್ಮ ಟಾಕೀಜುಗಳ ಗುಣವಷ್ಟೇ ಅಲ್ಲ. ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ 1960ರಲ್ಲಿ ಇಟಲಿಯ ನಿರ್ದೇಶಕ ಮಿಕೆಲಾಂಜೆಲೊ ಅಂತೊನಿಯೊನಿಯ ‘ಲವ್ವೆಂತೂರಾ’ ತೋರಿಸಿದಾಗ ಉದ್ದದ ಶಾಟ್‌ಗಳ ನಡುವೆಯೇ ಸಭೆ ‘ಕಟ್! ಕಟ್!’ ಎಂದು ಅರಚಿತು, ನಕ್ಕಿತು. ಮರುದಿನ ಇಟಲಿಯದೇ ನಿರ್ದೇಶಕ ರೊಸೆಲ್ಲಿನಿ ಮೊದಲಾದವರು ಚಿತ್ರದ ಪರ ಹೇಳಿಕೆಗೆ ಸಹಿ ಹಾಕಿದರು. ಅದೇ ಉತ್ಸವದಲ್ಲಿ ಅದಕ್ಕೆ ಜ್ಯೂರಿ ಪ್ರಶಸ್ತಿಯೂ ಬಂತು. ಎರಡು ವರ್ಷದಲ್ಲಿ ‘ಸೈಟ್ ಅಂಡ್ ಸೌಂಡ್’ ಪಟ್ಟಿಯಲ್ಲಿ ಅದು ಎರಡನೆಯ ಸ್ಥಾನದಲ್ಲಿತ್ತು. ಈ ಕತೆ ವರ್ಲ್ಡ್ ಸಿನಿಮಾದ ಅಭಿಮಾನಿಗಳಿಗೆ ಬಾಯಿಪಾಠ, ಮತ್ತು ಅವರ ದೊಡ್ಡ ತಪ್ಪಿಗೂ ಇದೇ ಬೇರು. ಒಮ್ಮೆ ಕೂಗಿದವರು ಸೋತರು ಎಂದಮೇಲೆ ಕೂಗಿದವರೆಲ್ಲ ಯಾವಾಗಲೂ ದಡ್ಡರು ಎಂದು ಅವರು ಹಿಡಿದುಬಿಡುತ್ತಾರೆ. ‘ನಿಮಗ ತಿಳಿಯೂದಿಲ್ರಿ’ ಎಂಬ ಒಂದು ಮಾತಿಗೆ ಚರ್ಚೆ ಮುಗಿಯುತ್ತದೆ. ಇರಾನಿನ ನಿರ್ದೇಶಕ ಅಬ್ಬಾಸ್ ಕಿಯಾರೊಸ್ತಮಿಯ ‘ಟೇಸ್ಟ್ ಆಫ್ ಚೆರ್ರಿ’ 1997ರಲ್ಲಿ ಕಾನ್‌ನ ಅತ್ಯುನ್ನತ ಪ್ರಶಸ್ತಿ ಹಂಚಿಕೊಂಡ ಚಿತ್ರ. ಅಮೆರಿಕದ ಹೆಸರಾಂತ ವಿಮರ್ಶಕ ರೋಜರ್ ಈಬರ್ಟ್ ಅದಕ್ಕೆ ಕೊಟ್ಟದ್ದು ಒಂದೇ ಸ್ಟಾರ್. ಆತನಿಗೆ ಸಿನಿಮಾ ತಿಳಿಯುವುದಿಲ್ಲ ಎನ್ನಲು ಯಾರಿಗೂ ಬಾಯಿ ಬರಲಿಕ್ಕಿಲ್ಲ.

ಕೆಲವು ಸಲ ಲ್ಯಾಗ್ ಸಿನಿಮಾದಲ್ಲಿ ಇರುವುದೇ ಇಲ್ಲ, ನೋಡುವ ಸಲಕರಣೆಯಲ್ಲಿ ಇರುತ್ತದೆ. ಸಬ್‌ಟೈಟಲ್ ಮೊದಲ ಕಳ್ಳ. ಸಿನಿಮಾ ಚಿತ್ರೀಕರಣ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಯುರೋಪಿನ ಟಿವಿ, ಡಿವಿಡಿ ಪ್ರತಿಗಳು ಹಲವು ಸಲ 25ಕ್ಕೆ ಓಡುತ್ತವೆ. 24ರ ಪ್ರತಿಗಾಗಿ ಮಾಡಿದ ಸಬ್‌ಟೈಟಲ್ ಅನ್ನು 25ರ ಪ್ರತಿಗೆ ಹಚ್ಚಿದರೆ ಶುರುವಿನಲ್ಲಿ ಸರಿ ಕಾಣುತ್ತದೆ, ಒಂದು ಗಂಟೆಯಾಗುವಷ್ಟರಲ್ಲಿ ಎರಡೂವರೆ ನಿಮಿಷ ಹಿಂದೆ ಬಿದ್ದಿರುತ್ತದೆ. ವ್ಯತ್ಯಾಸ ಮೊದಲಿಂದ ಕೊನೆಯವರೆಗೆ ಒಂದೇ ಇದ್ದರೆ ಕಂಪ್ಯೂಟರಿನಲ್ಲಿ ಸಿನಿಮಾ ನೋಡುವ ವಿಎಲ್‌ಸಿ ಪ್ಲೇಯರಿನಲ್ಲಿ ಜಿ ಒತ್ತಿದರೆ ಅಕ್ಷರ ಬೇಗ ಬರುತ್ತವೆ, ಎಚ್ ಒತ್ತಿದರೆ ತಡವಾಗಿ. ಒಂದೊಂದು ಒತ್ತಿಗೆ 50 ಮಿಲಿಸೆಕೆಂಡು. ವ್ಯತ್ಯಾಸ ಬೆಳೆಯುತ್ತ ಹೋಗುತ್ತಿದ್ದರೆ ಈ ಉಪಾಯ ನಡೆಯದು, ಫ್ರೇಮ್ ವೇಗ ಹೊಂದುವ ಬೇರೆ ಸಬ್‌ಟೈಟಲ್ ಫೈಲೇ ಬೇಕು. ಇನ್ನು ಫೋನು. ಕಿಯಾರೊಸ್ತಮಿಯ ‘ಥ್ರೂ ದಿ ಆಲಿವ್ ಟ್ರೀಸ್’ ಚಿತ್ರದ ಕೊನೆಯ ಶಾಟಿನಲ್ಲಿ ಹುಡುಗ ಹುಡುಗಿ ದೂರದ ಹಸಿರಿನಲ್ಲಿ ಎರಡು ಬಿಳಿ ಚುಕ್ಕೆಗಳಾಗಿ ನಡೆಯುತ್ತಾರೆ. ಏನಾಯಿತು ಎಂದು ತಿಳಿಯಲು ಆ ಚುಕ್ಕೆಗಳ ಚಲನೆಯೊಂದೇ ಆಧಾರ. ಬಸ್ಸಿನಲ್ಲಿ ಕೂತು ಅಂಗೈಯಗಲದ ಪರದೆಯಲ್ಲಿ ನೋಡಿದರೆ ಚುಕ್ಕೆಗಳೇ ಇಲ್ಲ. ಆಗ ಅದು ನಿಜಕ್ಕೂ ಖಾಲಿ ಹೊಲ.

ಹಾಗಾದರೆ ಪದವನ್ನು ಬಳಸುವುದು ಹೇಗೆ? ಮೂರು ವಿವರ ಜೊತೆಗಿದ್ದರೆ ‘ಲ್ಯಾಗ್’ ಆರೋಪ ನಿಲ್ಲುತ್ತದೆ: ಎಷ್ಟನೆಯ ನಿಮಿಷದಿಂದ ಎಷ್ಟನೆಯ ನಿಮಿಷದವರೆಗೆ, ಅಷ್ಟರಲ್ಲಿ ಆಗಲೇ ಗೊತ್ತಿದ್ದ ಯಾವ ಸಂಗತಿ ಮರಳಿ ಬಂತು, ಆ ಭಾಗ ತೆಗೆದರೆ ಮುಂದೆ ಯಾವುದು ಅರ್ಥವಾಗದೆ ಹೋಗುತ್ತದೆ. ಮೂರನೆಯದಕ್ಕೆ ‘ಏನೂ ಇಲ್ಲ’ ಎಂಬ ಉತ್ತರ ಬಂದರೆ ಲ್ಯಾಗ್ ಇದೆ, ಚಿತ್ರಕ್ಕೆ ಎಷ್ಟೇ ಪ್ರಶಸ್ತಿ ಬಂದಿರಲಿ. ಉತ್ಸವಗಳಿಗೆಂದೇ ಮಾಡಿದ ಚಿತ್ರಗಳಲ್ಲಿ ಒಂದು ಶಾಟ್ ಈಗ ರೂಢಿಯಾಗಿಬಿಟ್ಟಿದೆ: ಪಾತ್ರ ಮುಂದೆ ನಡೆಯುತ್ತದೆ, ಕ್ಯಾಮೆರಾ ಬೆನ್ನ ಹಿಂದೆಯೇ ಹೊರಡುತ್ತದೆ, ಎರಡು ನಿಮಿಷ, ಮೂರು ನಿಮಿಷ. ಮೊದಲ ಇಪ್ಪತ್ತು ಸೆಕೆಂಡಿಗೆ ಆಯಾಸ ತಿಳಿಯಿತು, ಒಂಟಿತನ ತಿಳಿಯಿತು, ಓಣಿಯೂ ತಿಳಿಯಿತು. ಉಳಿದದ್ದು ಅಂಗಿಯ ಹಿಂಭಾಗ. ಅಲ್ಲಿ ‘ಭಾಳ ಜಗ್ಯಾರ’ ಅಂದವರಿಗೆ ಅಭಿಮಾನಿಗಳು ಕೊಡುವ ಉತ್ತರ ಇನ್ನೂ ಬಂದಿಲ್ಲ.