ರಾಣಿಯರು ತೊಟ್ಟ ಹಳ್ಳಿಯ ಉಡುಪು: ಗ್ರೀಸ್, ರೊಮೇನಿಯಾ, ಸ್ವೀಡನ್

ಯುರೋಪಿನ ವೇಷಭೂಷಣ ಚರಿತ್ರೆ ಓದುವಾಗ ಜಾನಪದ ಉಡುಪು ತೊಟ್ಟ ರಾಣಿಯರ ಚಿತ್ರಗಳು ಮತ್ತೆ ಮತ್ತೆ ಎದುರಾಗುತ್ತವೆ. ಅಂಥ ಚಿತ್ರ ಕಂಡಾಗ ಮೊದಲು ಕೇಳಿಕೊಳ್ಳಬೇಕಾದದ್ದು, ಈಕೆಯ ತವರು ಯಾವುದು ಎಂದು. ಹತ್ತೊಂಬತ್ತನೇ ಶತಮಾನದಲ್ಲಿ ಹೊಸದಾಗಿ ತಲೆಯೆತ್ತಿದ ಗ್ರೀಸ್, ರೊಮೇನಿಯಾಗಳಿಗೆ ದೊರೆಗಳು ಬಂದದ್ದು ಜರ್ಮನ್ ಮನೆತನಗಳಿಂದ. ರಾಣಿಯರೂ ಹೊರಗಿನವರೇ. ಪರದೇಶದಿಂದ ಬಂದ ಸೊಸೆ ‘ನಾನೂ ನಿಮ್ಮವಳೇ’ ಎನ್ನಬೇಕಾದರೆ, ಭಾಷೆ ನಾಲಿಗೆಗೆ ಹತ್ತುವ ಮೊದಲೇ ಬಟ್ಟೆ ಆ ಮಾತನ್ನು ಆಡಿಬಿಡುತ್ತಿತ್ತು.

ಗ್ರೀಸಿನ ಅಮಾಲಿಯಾ ಇದಕ್ಕೆ ಬಹಳ ಸ್ವಾರಸ್ಯದ ಉದಾಹರಣೆ. ಜರ್ಮನಿಯ ಓಲ್ಡನ್‌ಬರ್ಗ್‌ನವಳು. 1836ರಲ್ಲಿ ಬವೇರಿಯಾ ಮೂಲದ ದೊರೆ ಓಟ್ಟೊನನ್ನು ಮದುವೆಯಾಗಿ ಮರುವರ್ಷ ಗ್ರೀಸಿಗೆ ಬಂದಾಗ ಆಕೆಗೆ ಹದಿನೆಂಟು. ಓಟ್ಟೊ ‘ಫುಸ್ತನೆಲ್ಲ’ ಎಂಬ ನೆರಿಗೆಗಳ ಬಿಳಿ ಗಂಡಸರ ಲಂಗ ತೊಟ್ಟು ಗ್ರೀಕನಂತೆ ಕಾಣಿಸಿಕೊಂಡರೆ, ಅಮಾಲಿಯಾ ತನಗೊಂದು ಹೊಸ ಉಡುಪನ್ನೇ ರೂಪಿಸಿಕೊಂಡಳು. ಅಗಲ ಘೇರಿನ ರೇಷ್ಮೆ ಲಂಗ ಆ ಕಾಲದ ಯುರೋಪಿನ ಫ್ಯಾಷನ್ನಿನದು. ಅದರ ಮೇಲೆ ಮೈಗಂಟುವ, ಚಿನ್ನದ ಜರಿಕೆಲಸದ ಗಿಡ್ಡ ವೆಲ್ವೆಟ್ ಮೇಲಂಗಿ ಮಾತ್ರ ಸ್ಥಳೀಯ. ತಲೆಗೆ ಕೆಂಪು ಫೆಜ್ ಟೋಪಿ, ಅದರಿಂದ ಭುಜದತ್ತ ಇಳಿಬಿದ್ದ ಉದ್ದನೆಯ ಚಿನ್ನದ ಕುಚ್ಚು. ಅರ್ಧ ಹಳ್ಳಿ, ಅರ್ಧ ಅರಮನೆ! ಶುದ್ಧ ಜಾನಪದ ಹುಡುಕುವವರಿಗೆ ಇದು ಕಲಬೆರಕೆಯಾಗಿ ಕಾಣಬಹುದು. ಆದರೆ ಪಟ್ಟಣದ ಹೆಂಗಸರು ಇದನ್ನು ಮೆಚ್ಚಿ ತೊಟ್ಟರು, ಉಡುಪಿಗೆ ‘ಅಮಾಲಿಯಾ’ ಎಂದೇ ಹೆಸರಾಯಿತು. 1862ರಲ್ಲಿ ಜನ ದಂಗೆಯೆದ್ದು ದೊರೆ-ರಾಣಿಯನ್ನು ದೇಶ ಬಿಡಿಸಿದರು. ಉಡುಪು ಮಾತ್ರ ಗ್ರೀಸಿನಲ್ಲೇ ಉಳಿಯಿತು. ಮುಂದೆ ರಷ್ಯಾದಿಂದ ಬಂದ ರಾಣಿ ಓಲ್ಗಾ, ಆಸ್ಥಾನದ ಹೆಂಗಸರಿಗೆ ಅಟಿಕಾ ಪ್ರಾಂತ್ಯದ ಹಳ್ಳಿಗಳ ಉಡುಪನ್ನು ಆಧರಿಸಿದ ದಿರಿಸು ತಂದಳು. ಅಂದರೆ ಪಟ್ಟಣ ಬಿಟ್ಟು ಹಳ್ಳಿಯ ಕಡೆಗೆ ಇನ್ನೊಂದು ಹೆಜ್ಜೆ.

ರೊಮೇನಿಯಾದಲ್ಲಿ ರಾಣಿಯರು ಹೊಸದನ್ನು ಕಟ್ಟಲು ಹೋಗದೆ ಇದ್ದ ಹಳ್ಳಿಯ ಉಡುಪನ್ನೇ ಎತ್ತಿಕೊಂಡರು. ಕಾರ್ಮೆನ್ ಸಿಲ್ವಾ ಎಂಬ ಕಾವ್ಯನಾಮದಲ್ಲಿ ಬರೆಯುತ್ತಿದ್ದ ಜರ್ಮನ್ ಮೂಲದ ರಾಣಿ ಎಲಿಸಬೆತ್ ತಾನೂ ತೊಟ್ಟಳು, ಸಖಿಯರಿಗೂ ತೊಡಿಸಿದಳು. ಅವಳ ನಂತರ ರಾಣಿಯಾದ ಮೇರಿ, ಬ್ರಿಟನ್ನಿನ ವಿಕ್ಟೋರಿಯಾ ರಾಣಿಯ ಮೊಮ್ಮಗಳು. ಈ ಉಡುಪಿನಲ್ಲಿ ಮೇರಿ ತೆಗೆಸಿಕೊಂಡ ಫೋಟೋಗಳು ಅಂಚೆ ಕಾರ್ಡುಗಳಾಗಿ ಹರಡಿದವು.

ಆ ಫೋಟೋಗಳಲ್ಲಿ ತೋಳನ್ನು ಗಮನಿಸಿ. ‘ಇಯೆ’ ಎಂಬ ಬಿಳಿ ರವಿಕೆಯ ಭುಜದ ಮೇಲೆ ಒತ್ತೊತ್ತಾದ ಕಸೂತಿಯ ಪಟ್ಟಿ ಇರುತ್ತದೆ, ಅದೇ ‘ಅಲ್ತಿತ್ಸ’. ಅದರ ಕೆಳಗೆ ಸಾಮಾನ್ಯವಾಗಿ ಒಂದೇ ಬಣ್ಣದ ಕಿರಿದಾದ ಅಡ್ಡಪಟ್ಟಿ, ಅಲ್ಲಿಂದ ಮುಂಗೈ ಕಡೆಗೆ ಇಳಿಯುವ ಸಾಲುಗಳು. ಈ ಸಾಲುಗಳನ್ನು ಅವರು ನದಿಗಳು ಎನ್ನುತ್ತಾರೆ. ಸೊಂಟಕ್ಕೆ ‘ಫೋತ’: ಹೊಲಿಗೆಯಿಲ್ಲದ ಒಂದೇ ನೇಯ್ದ ಬಟ್ಟೆ, ನಮ್ಮವರು ಪಂಚೆ ಸುತ್ತಿದ ಹಾಗೆ ಸುತ್ತಿಕೊಳ್ಳುವುದು. ತಲೆಯ ಮೇಲೆ ತೆಳು ರೇಷ್ಮೆಯ ಮುಸುಕು. ಆಸ್ಥಾನಕ್ಕೆ ಹೆಚ್ಚು ಪ್ರಿಯವಾದದ್ದು ಆರ್ಜೆಶ್, ಮುಸ್ಚೆಲ್ ಸೀಮೆಯ ಉಡುಪು. ಅದರಲ್ಲಿ ಜರಿ ಧಾರಾಳ, ಹಾಗಾಗಿ ಅರಮನೆಗೂ ಸಲ್ಲುತ್ತಿತ್ತು. ಅಲ್ತಿತ್ಸ ಇರುವ ರವಿಕೆಯ ಕಲೆ 2022ರಲ್ಲಿ ರೊಮೇನಿಯಾ ಮತ್ತು ಮಾಲ್ಡೋವಾ ಎರಡರ ಹೆಸರಿನಲ್ಲಿ ಯುನೆಸ್ಕೋ ಪಟ್ಟಿ ಸೇರಿತು.

ಸ್ವೀಡನ್ನಿನ ಕತೆ ಚಿಕ್ಕದು. ಜರ್ಮನಿಯ ಬಾಡೆನ್‌ನಿಂದ ಬಂದ ಯುವರಾಣಿ ವಿಕ್ಟೋರಿಯಾ ಟುಲ್‌ಗಾರ್ನ್ ಅರಮನೆಯಲ್ಲಿ ಜಾನಪದ ಉಡುಪು ತೊಡುತ್ತಿದ್ದಳು. ಅಲ್ಲಿ ತೋಟಗಾರಿಕೆ ಕಲಿಯಲು ಬಂದಿದ್ದ ಮಾರ್ಟಾ ಯೋರ್ಗೆನ್ಸನ್ ಅದರಿಂದ ಸ್ಫೂರ್ತಿ ಪಡೆದು, ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಇಡೀ ದೇಶಕ್ಕೆ ಒಪ್ಪುವ ಒಂದು ಉಡುಪು ರೂಪಿಸಿದಳು. ನೀಲಿ ಲಂಗ, ಹಳದಿ ಏಪ್ರನ್, ಧ್ವಜದ್ದೇ ಬಣ್ಣಗಳು. ವಿದೇಶಿ ಫ್ಯಾಷನ್ನಿನಿಂದ ಹೆಂಗಸರು ಬಿಡುಗಡೆಯಾಗಲಿ ಎಂಬುದು ಆಕೆಯ ಆಸೆ. ಉಡುಪು ಹೆಚ್ಚು ನಡೆಯಲಿಲ್ಲ, ದಶಕಗಳ ಕಾಲ ಮೂಲೆಗೆ ಬಿತ್ತು. 1983ರ ಜೂನ್ 6ರ ರಾಷ್ಟ್ರೀಯ ದಿನದಂದು ರಾಣಿ ಸಿಲ್ವಿಯಾ ಅದನ್ನು ತೊಟ್ಟು ಬಂದ ಮೇಲೆ ಅದಕ್ಕೆ ರಾಷ್ಟ್ರೀಯ ಉಡುಪಿನ ಮನ್ನಣೆ ಸಿಕ್ಕಿತು. ಈಗ ಸ್ಟಾಕ್‌ಹೋಮಿನ ಸ್ಕಾನ್ಸೆನ್ ಬಯಲು ವಸ್ತುಸಂಗ್ರಹಾಲಯದಲ್ಲಿ ನಡೆಯುವ ಜೂನ್ 6ರ ಸಮಾರಂಭಕ್ಕೆ ಅರಮನೆಯ ಹೆಂಗಸರು ಬರುವುದು ಇದೇ ನೀಲಿ-ಹಳದಿಯಲ್ಲಿ.