ಮರುಭೂಮಿಗೆ ಕಾಳ್ಗಿಚ್ಚು ಬರುವುದು ಹೇಗೆ: ಸೊನೋರನ್ ಗಡಿನಾಡಿನ ಟಿಪ್ಪಣಿ

ಈ ಪಾಠದಲ್ಲಿ ಎರಡು ದಿನ ಸಿಕ್ಕಿಬಿದ್ದಿದ್ದೆ. ಈಗಷ್ಟೇ ಬಿಡಿಸಿಕೊಂಡಿದ್ದೇನೆ, ಮರೆಯುವ ಮೊದಲು ಬರೆದಿಡುತ್ತೇನೆ.

ಜಾಗ: ಅಮೆರಿಕದ ಅರಿಜೋನಾ ಮತ್ತು ಮೆಕ್ಸಿಕೊದ ಸೊನೋರಾ, ಗಡಿಯ ಎರಡೂ ಕಡೆ ಹಬ್ಬಿದ ಮರುಭೂಮಿ. ಚಳಿಗಾಲದಲ್ಲಿ ಒಂದು ಮಳೆ, ಜುಲೈನಿಂದ ಗುಡುಗಿನ ಮಳೆ. ನಡುವಿನ ಮೇ-ಜೂನ್ ಬೆಂಕಿಯ ಕಾಲ.

ನಾನು ಎಡವಿದ್ದು ಒಂದೇ ಸಾಲಿನಲ್ಲಿ: "ಮಳೆ ಚೆನ್ನಾಗಿ ಆದಮೇಲೆ ಬೆಂಕಿ ಹೆಚ್ಚು." ಬರಗಾಲದಲ್ಲಿ ತಾನೇ ಬೆಂಕಿ ಹೆಚ್ಚಬೇಕು? ಆಗ ಊರಿನ ಕಣ ನೆನಪಾಯಿತು. ಬಣವೆಗಳನ್ನು ಅಂತರ ಬಿಟ್ಟು ಒಟ್ಟುತ್ತಾರೆ, ಒಂದಕ್ಕೆ ಕಿಡಿ ಬಿದ್ದರೂ ಪಕ್ಕದ್ದು ಉಳಿಯಲಿ ಅಂತ. ಸೊನೋರನ್‌ನಲ್ಲೂ ಹಾಗೆಯೇ. ಒಂದು ಸಗ್ವಾರೊ ಕಳ್ಳಿ, ಆಮೇಲೆ ಬರಿ ನೆಲ, ಆಮೇಲೊಂದು ಪೊದೆ. ಸಿಡಿಲು ಬಡಿದರೆ ಬಡಿದ ಗಿಡವಷ್ಟೇ ಸುಟ್ಟು ಬೆಂಕಿ ಆರುತ್ತದೆ. ಬಣವೆಗಳ ನಡುವೆ ಯಾರಾದರೂ ಒಣಹುಲ್ಲು ಚೆಲ್ಲಿಬಿಟ್ಟರೆ? ಮಳೆ ಮಾಡುವ ಕೆಲಸ ಅದೇ. ಮಳೆಗೆ ಹುಲ್ಲು ಚಿಗುರಿ ಅಂತರ ತುಂಬುತ್ತದೆ, ಬೇಸಿಗೆಗೆ ಒಣಗಿ ಬೆಂಕಿಗೆ ದಾರಿಯಾಗುತ್ತದೆ. ಅಂದರೆ ಒಣ ಬೇಸಿಗೆ ಬೆಂಕಿಗೆ ಬೇಕೇ ಬೇಕು, ಆದರೆ ಅದಕ್ಕೂ ಮೊದಲು ಹುಲ್ಲು ಬೆಳೆಸುವ ಮಳೆ ಬೇಕು. ಮಳೆ ಮೊದಲು, ಒಣಗುವುದು ಆಮೇಲೆ: ಈ ಕ್ರಮ ಹಿಡಿದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಚಳಿಗಾಲದ ಒಳ್ಳೆಯ ಮಳೆಯ ಬೆನ್ನಿಗೇ 2005ರ ಜೂನ್‌ನಲ್ಲಿ ಅರಿಜೋನಾದ ಫೀನಿಕ್ಸ್ ನಗರದ ಉತ್ತರಕ್ಕೆ ಕೇವ್ ಕ್ರೀಕ್ ಬೆಂಕಿ ಸುಮಾರು 2.48 ಲಕ್ಷ ಎಕರೆ ಸುಟ್ಟಿತು.

ಹೀಗೆ ಅಂತರ ತುಂಬುವ ಹುಲ್ಲುಗಳಲ್ಲಿ ಗಡಿನಾಡನ್ನು ಹೆಚ್ಚು ಕಾಡುವುದು ಬಫೆಲ್ ಹುಲ್ಲು. ದನಗಳ ಮೇವಿಗೆ, ಮಣ್ಣು ಹಿಡಿಯಲಿಕ್ಕೆ ಅಂತ 1930ರ ದಶಕದಲ್ಲಿ ಹೊರಗಿನಿಂದ ತಂದದ್ದು. ಓದುತ್ತ ಓದುತ್ತ ನನಗೆ ಮೈ ಜುಮ್ಮೆಂದದ್ದು ಇಲ್ಲಿ: ನಮ್ಮ ಒಣನಾಡುಗಳಲ್ಲಿ ಮೇವಿಗೆ ಬೆಳೆಸುವ ಅಂಜನ್ ಹುಲ್ಲೇ ಇದು! ಇಲ್ಲಿ ದನ ಮೇಯುತ್ತದೆ, ಅಲ್ಲಿ ಕಳ್ಳಿ ಸಾಯುತ್ತದೆ. ಅದರ ಬೆಂಕಿಯ ಬಿಸಿ 700 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಸುಟ್ಟಮೇಲೆ ಹುಲ್ಲು ಬುಡದಿಂದ ಮತ್ತೆ ಚಿಗುರುತ್ತದೆ. ಸಗ್ವಾರೊಗೆ ಆ ಶಕ್ತಿಯಿಲ್ಲ. ಅದರ ಸಸಿ ಮೊದಲ ಎಂಟು ವರ್ಷಕ್ಕೆ ಒಂದು-ಒಂದೂವರೆ ಅಂಗುಲ ಬೆಳೆದರೆ ಹೆಚ್ಚು.

ಇದರ ನೋವು ಹೆಚ್ಚು ತಟ್ಟುವುದು ಇಲ್ಲಿನ ಮೂಲನಿವಾಸಿಗಳಾದ ಟೊಹೊನೊ ಓ'ಓಧಮ್ ಜನರಿಗೆ. ಅವರ ನಾಡನ್ನೇ ಗಡಿ ಸೀಳಿದೆ. ಸತ್ತ ಸಗ್ವಾರೊದೊಳಗಿನ ಒಣ ಎಲುಬಿನಂಥ ಕೋಲಿನಿಂದಲೇ ದೋಟಿ ಕಟ್ಟಿ ಅದರ ಹಣ್ಣು ಇಳಿಸುವುದು ಅವರ ಜೂನ್ ತಿಂಗಳ ಕೆಲಸ, ಬೆಂಕಿ ಬರುವುದೂ ಅದೇ ತಿಂಗಳು. 2022ರ ಜೂನ್ 11ರಂದು ಅವರ ನೆಲದಲ್ಲಿ ಸಿಡಿಲಿನಿಂದ ಹೊತ್ತಿದ ಕಾಂಟ್ರೆರಾಸ್ ಬೆಂಕಿ ಕಿಟ್ ಪೀಕ್ ವೀಕ್ಷಣಾಲಯದ ನೆತ್ತಿಗೇ ಏರಿತು. ನಾಲ್ಕು ಕಟ್ಟಡ ಸುಟ್ಟವು, ದೂರದರ್ಶಕಗಳು ಉಳಿದವು.

ಜನ ಏನು ಮಾಡುತ್ತಾರೆ ಅನ್ನುವುದಕ್ಕೆ ನನಗೆ ಇಷ್ಟವಾದ ಉತ್ತರ ಹಾರೆ. ಅರಿಜೋನಾದ ಟೂಸಾನ್ ನಗರದ ಪಕ್ಕದ ಬೆಟ್ಟಗಳಲ್ಲಿ 'ಸೊನೋರನ್ ಡೆಸರ್ಟ್ ವೀಡ್‌ವ್ಯಾಕರ್ಸ್' ಎಂಬ ಸ್ವಯಂಸೇವಕರು 2000ದಿಂದ ಈ ಹುಲ್ಲು ಕೀಳುತ್ತಿದ್ದಾರೆ. ಬುಡಕ್ಕೆ ಹಾರೆ ಹಾಕಿ ಮೀಟಬೇಕು, ಬೇರಿನ ಮಣ್ಣು ಕೊಡವಬೇಕು, ತೆನೆಯನ್ನು ಚೀಲಕ್ಕೆ ತುಂಬಬೇಕು. ಕಳೆ ಕೊಲ್ಲುವ ಔಷಧಿ ಹೊಡೆಯುವುದಾದರೆ ಹುಲ್ಲು ಹಸಿರಾಗಿರುವಾಗಲೇ, ಅಂದರೆ ಮಳೆ ಬಿದ್ದ ಕೆಲವು ವಾರಗಳಲ್ಲಿ ಮಾತ್ರ. ಒಣಗಿದ ಎಲೆ ಔಷಧಿ ಹೀರುವುದಿಲ್ಲ. ಹಾರೆಗೆ ಆ ಕಟ್ಟಿಲ್ಲ, ವರ್ಷಪೂರ್ತಿ ಆಗುತ್ತದೆ.

ಗುರುತಿಗೆ ಸುಲಭದ ದಾರಿ: ತೆನೆಯ ಕಾಳನ್ನೆಲ್ಲ ಬೆರಳಲ್ಲಿ ಸವರಿ ತೆಗೆಯಿರಿ. ಉಳಿದ ಕಡ್ಡಿ ಉಪ್ಪುಕಾಗದದ ಹಾಗೆ ತರಿತರಿಯಾಗಿದ್ದರೆ ಬಫೆಲ್. ಈ ಪರೀಕ್ಷೆ ಗೊತ್ತಿಲ್ಲದಿದ್ದರೆ ಅಲ್ಲಿನದೇ ಹುಲ್ಲನ್ನು ಕಿತ್ತು ಹಾಕಿಬಿಡುತ್ತೀರಿ.

ಒಮ್ಮೆ ಕಿತ್ತರೆ ಮುಗಿಯುವುದಿಲ್ಲ. ಬೀಜ ಮಣ್ಣಲ್ಲಿ ಕೆಲವು ವರ್ಷ ಜೀವ ಹಿಡಿದಿರುತ್ತದೆ. ಮುಂದಿನ ಮಳೆ ಬಿದ್ದಮೇಲೆ ಅದೇ ಇಳಿಜಾರಿಗೆ, ಅದೇ ಹಾರೆ ಹಿಡಿದು ಮತ್ತೆ ಹತ್ತಬೇಕು.